ಟ್ರಂಕು ರದ್ದಿಗೆ ಹಾಕುವ ಮುನ್ನ

ಡೊಂಬಿವಲಿಯ ಹಳೇ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೊರಟಿತೆಂದರೆ ಮೊದಲು ರದ್ದಿಯವನ ಪಾಲಾಗುವುದು ಅಟ್ಟದ ಮೇಲಿನ ಟ್ರಂಕು. ಮಕ್ಕಳ ನವಿ ಮುಂಬೈ ಫ್ಲ್ಯಾಟಿನಲ್ಲಿ ಅದಕ್ಕೆ ಜಾಗವೆಲ್ಲಿ? ಒಮ್ಮೆ ಬಿಚ್ಚಿ ನೋಡಿ: ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರ, ಅಜ್ಜನ ಹೋಟೆಲಿನ ಉದ್ರಿ ಲೆಕ್ಕ, ರಾತ್ರಿಶಾಲೆಯ ಗ್ರೂಪ್ ಫೋಟೊ ಇದ್ದೀತು.

2005ರ ಜುಲೈ 26ರ ಮಳೆಗೆ ಕಲ್ಯಾಣದ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ನೆನೆದು ಅಂಟಿಕೊಂಡ ಫೋಟೊ ಬಿಡಿಸಹೋದರೆ ಮುಖವೇ ಕಿತ್ತುಬರುತ್ತದೆ. ಟ್ರಂಕು ನೆಲದ ಮೇಲೆ ಬೇಡ. ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಲ್ಯಾಮಿನೇಶನ್, ಸೆಲ್ಲೋಟೇಪು ಸುತರಾಂ ಬೇಡ. ಫೋಟೊದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಹೆಸರು ಹೇಳಬಲ್ಲ ಅತ್ತೆಗೆ ಎಂಬತ್ತು ದಾಟಿದ್ದರೆ ಈ ಭಾನುವಾರವೇ ಕೂತುಬಿಡಿ!

ಆಮೇಲೆ ಈ ಕಾಗದ-ಫೋಟೊಗಳಿಗೆ ಆಸರೆ ಎಲ್ಲಿ ಎಂಬ ಮಾತು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಹಳೇ ಕಾಗದದ ಬೆಲೆ ಬಲ್ಲ ಊರುಗಳಿವು. ಸ್ವಾತಂತ್ರ್ಯ ಕಂಡ ತಲೆಮಾರಿನ ನೆನಪು, ಪತ್ರ, ಫೋಟೊಗಳನ್ನು ಮುಂಬೈಯ ಸಿಟಿಜನ್ಸ್ ಆರ್ಕೈವ್ ಆಫ್ ಇಂಡಿಯಾ ಡಿಜಿಟಲ್ ರೂಪದಲ್ಲಿ ಕಾಪಿಡುತ್ತದೆ. ಯಾರಿಗೇ ಕೊಡಿ, ಮೂಲಪ್ರತಿ ಮರಳುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಕನ್ನಡ ಓದಲು ಬಾರದ ಕಡೆಗಾದರೆ ಜೊತೆಗೊಂದು ಪುಟದ ವಿವರಣೆ ಇರಲಿ. ಅಮ್ಮನ ಡೈರಿಯಲ್ಲಿ ನೆರೆಮನೆಯ ಜಗಳವೂ ಇರುತ್ತದಲ್ಲ, ಆ ಪುಟಗಳನ್ನು ಇಂತಿಷ್ಟು ವರ್ಷ ತೆರೆಯಕೂಡದೆಂದು ಷರತ್ತು ಹಾಕಲೂಬಹುದು.