ಒಂದೇ ಮೊತ್ತ, ಎರಡು ಅಜ್ಞಾತ ಪ್ರಮಾಣಗಳು

ವರ್ಷಾಂತ್ಯದ ದಾಸ್ತಾನು ಎಣಿಕೆಯ ಹೊತ್ತಿಗೆ ವರ್ತಕ ಮಿತ್ರರು ಆಗಾಗ್ಗೆ ಎದುರಿಸುವ ಸಮಸ್ಯೆಯೊಂದನ್ನು ಪರಿಶೀಲಿಸೋಣ. ನಗದು ಖರೀದಿಯ ಚೀಟಿಯಲ್ಲಿ ಒಟ್ಟು ರೂ. 5,000 ಎಂದಷ್ಟೇ ಇದೆ. ಸ್ಟೀಲ್ ಡಬ್ಬಿಯ ದರ ರೂ. 185, ತಟ್ಟೆಯ ದರ ರೂ. 110. ಯಾವುದು ಎಷ್ಟು ಬಂದಿತೆಂಬುದು ನಮೂದಾಗಿಲ್ಲ. ಪ್ರಮಾಣ ತಿಳಿಯದೆ ದಾಸ್ತಾನಿನ ಮೌಲ್ಯ ನಿರ್ಧಾರವಾಗದು. ಅದು ತಪ್ಪಿದರೆ ಲಾಭವೂ ತೆರಿಗೆಯೂ ತಪ್ಪುತ್ತವೆ.

ಎರಡು ಅಜ್ಞಾತಗಳಿಗೆ ಎರಡು ಸಮೀಕರಣ ಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿರುವುದು ಒಂದೇ. ಆದರೆ ಅರ್ಧ ಡಬ್ಬಿಯನ್ನು ಯಾರೂ ಮಾರುವುದಿಲ್ಲ. ಉತ್ತರವು ಪೂರ್ಣಾಂಕವಾಗಿರಬೇಕೆಂಬ ಈ ನಿರ್ಬಂಧವೇ ಎರಡನೆಯ ಸಮೀಕರಣದ ಕೆಲಸವನ್ನು ಬಹುಮಟ್ಟಿಗೆ ಮಾಡಿಕೊಡುತ್ತದೆ.

ಡಬ್ಬಿಗಳ ಸಂಖ್ಯೆ ‘ಡ’, ತಟ್ಟೆಗಳದು ‘ತ’ ಎಂದಿಟ್ಟುಕೊಳ್ಳಿ.

185ಡ + 110ತ = 5,000

ಎಲ್ಲವನ್ನೂ 5ರಿಂದ ಭಾಗಿಸಿದರೆ 37ಡ + 22ತ = 1,000. ಇದನ್ನು ಚಿಕ್ಕ ಗುಣಕವಾದ 22ರಿಂದ ಭಾಗಿಸಿ ಬರೆದರೆ,

ತ = 45 − ಡ − (15ಡ − 10)/22

‘ತ’ ಪೂರ್ಣಾಂಕವಾಗಬೇಕಾದರೆ 15ಡ − 10, ಅಂದರೆ 5 × (3ಡ − 2), 22ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 5ಕ್ಕೂ 22ಕ್ಕೂ ಸಾಮಾನ್ಯ ಅಪವರ್ತನವಿಲ್ಲವಾದ್ದರಿಂದ 3ಡ − 2 ಎಂಬುದೇ ಭಾಗವಾಗಬೇಕು. ಡ = 8 ಆದಾಗ ಅದು ಸರಿಯಾಗಿ 22. ಆಗ ತ = 32. ತಾಳೆ ನೋಡಿ: 1,480 + 3,520 = 5,000. ಮುಂದಿನ ಉತ್ತರ 22 ಡಬ್ಬಿಗಳಾಚೆ, 30ರಲ್ಲಿದೆ. ಅಷ್ಟಕ್ಕೆ ಡಬ್ಬಿಯ ಬೆಲೆಯೇ ರೂ. 5,550 ಆಗುತ್ತದೆ. ಆದ್ದರಿಂದ ಉತ್ತರ ಇದೊಂದೇ.

ಈ ವಿಧಾನ ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಲೆಕ್ಕಗಳನ್ನು ಕೊಟ್ಟಿದ್ದಾನೆ. 63 ಸಮಾನ ಬಾಳೆಹಣ್ಣಿನ ರಾಶಿಗಳು, ಜೊತೆಗೆ 7 ಬಿಡಿ ಹಣ್ಣುಗಳು. 23 ಪ್ರಯಾಣಿಕರಿಗೆ ಸಮನಾಗಿ ಹಂಚಿದರೆ ಒಂದೂ ಉಳಿಯುವುದಿಲ್ಲ. ರಾಶಿಗೆ 5 ಹಣ್ಣಿದ್ದರೆ ತಲೆಗೆ 14. ಇದು ಅತ್ಯಂತ ಚಿಕ್ಕ ಉತ್ತರ.

ಬಿಲ್ ಪರಿಶೀಲನೆಗೂ ಇದು ಒದಗುತ್ತದೆ. ದರಗಳು ರೂ. 84 ಮತ್ತು ರೂ. 126 ಇದ್ದು, ಮೊತ್ತ ರೂ. 5,000 ಎಂದಿದ್ದರೆ ಪ್ರಮಾಣ ನೋಡುವ ಅಗತ್ಯವೇ ಇಲ್ಲ, ಬಿಲ್ ಹೊಂದುವುದಿಲ್ಲ. ಎರಡೂ ದರಗಳ ಮ.ಸಾ.ಅ. 42, 5,000 ಅದರಿಂದ ಭಾಗವಾಗದು, 2 ಉಳಿಯುತ್ತದೆ. ಜಿ.ಎಸ್.ಟಿ., ರಿಯಾಯಿತಿ, ಪೈಸೆಯ ಹೊಂದಾಣಿಕೆಗಳನ್ನು ಮೊದಲು ಕಳೆದು, ಸರಕಿನ ಮೌಲ್ಯಕ್ಕಷ್ಟೇ ಈ ಪರೀಕ್ಷೆಯನ್ನು ಅನ್ವಯಿಸಬೇಕು. ಲೆಕ್ಕ ಹೊಂದಿದ ಮಾತ್ರಕ್ಕೆ ಅದು ದಾಖಲೆಯಾಗದು. ಮಾರಾಟಗಾರರಿಂದ ಲಿಖಿತ ದೃಢೀಕರಣ ಪಡೆಯುವುದು ಅವಶ್ಯ.

ಮೊತ್ತ ದೊಡ್ಡದಾದಂತೆ ಉತ್ತರಗಳೂ ಹೆಚ್ಚುತ್ತವೆ. ಡಬ್ಬಿ-ತಟ್ಟೆಗಳ ಅವೇ ದರಗಳಲ್ಲಿ ರೂ. 50,000ಕ್ಕೆ 12 ಉತ್ತರಗಳಿವೆ. ಆಗ ಲಾರಿ ರಸೀದಿಯಲ್ಲಿರುವ ಒಟ್ಟು ನಗಗಳ ಸಂಖ್ಯೆಯನ್ನು ನೋಡಿ. 385 ನಗ ಎಂದಿದ್ದರೆ 102 ಡಬ್ಬಿ, 283 ತಟ್ಟೆ. 390 ಎಂದಿದ್ದರೆ ಹನ್ನೆರಡರಲ್ಲಿ ಯಾವುದೂ ಹೊಂದದು. ಬಿಲ್ ಅಥವಾ ರಸೀದಿ, ಎರಡರಲ್ಲೊಂದು ತಪ್ಪಾಗಿದೆ.