ಕರ್ನಾಟಕದ ವೇಗಿಗಳ ಸರದಿ: ವಿಕೆಟ್ ಬಿಡಿ, ಓವರ್ ಎಣಿಸಿ

ರಣಜಿ ಪಂದ್ಯಕ್ಕೆ ರಾಜ್ಯ ತಂಡ ಪ್ರಕಟವಾದ ಮರುದಿನ ಕುಂದಾಪುರ ಪೇಟೆಯ ಚಾ ಅಂಗಡಿಯಲ್ಲಿ ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹ್ವಾಯ್, ನಮ್ ಹುಡ್ಗನ್ನ ಎಂತಕೆ ಆಡ್ಸುದಿಲ್ಲ ಮಾರಾಯ್ರೆ?" ನಮ್ಮ ಹುಡುಗ ಅಂದರೆ ಅಭಿಲಾಷ್ ಶೆಟ್ಟಿ, ಕುಂದಾಪುರದ ಎಡಗೈ ವೇಗಿ. ಬ್ರಹ್ಮಾವರದಲ್ಲೂ ಅದೇ ಮಾತು, ಬೈಂದೂರಿನಲ್ಲೂ ಅದೇ. ಆಡಿಸಿದ ದಿನ ಆಯ್ಕೆಗಾರರು ಜಾಣರು, ಕೂರಿಸಿದ ದಿನ ಬೆಂಗಳೂರಿನವರ ರಾಜಕೀಯ. ಯಾವ ಪಂದ್ಯಕ್ಕೆ ಯಾರು ಆಡುತ್ತಾರೆ ಎಂಬುದನ್ನು ಮನೆಯಲ್ಲೇ ಕೂತು ಬಹುಮಟ್ಟಿಗೆ ಹೇಳಬಹುದು. ಬೇಕಾದ್ದು ಒಂದು ಕಾಗದ, ಪೆನ್ಸಿಲು, ಮೊಬೈಲಿನಲ್ಲಿ ಹಿಂದಿನ ಪಂದ್ಯಗಳ ಸ್ಕೋರ್‌ಕಾರ್ಡ್.

ಹಿನ್ನೆಲೆ ಎರಡೇ ಮಾತಿನಲ್ಲಿ. 2013–14 ಮತ್ತು 2014–15ರಲ್ಲಿ ಕರ್ನಾಟಕ ಬೆನ್ನುಬೆನ್ನಿಗೆ ರಣಜಿ ಗೆದ್ದಾಗ ಊಹೆಯ ಅಗತ್ಯವೇ ಇರಲಿಲ್ಲ. ವಿನಯ್ ಕುಮಾರ್, ಅಭಿಮನ್ಯು ಮಿಥುನ್, ಎಸ್. ಅರವಿಂದ್ ಎಂದು ಬರೆದು ಮುಗಿಸಬಹುದಿತ್ತು. ಅರವಿಂದ್ 2018ರಲ್ಲಿ ನಿವೃತ್ತರಾದರು, ವಿನಯ್ 2019ರಲ್ಲಿ ಪುದುಚೇರಿಗೆ ಹೋದರು, ಮಿಥುನ್ 2021ರಲ್ಲಿ ನಿಲ್ಲಿಸಿದರು. ಅಲ್ಲಿಂದ ತಂಡ ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇದೆ. ಕಟ್ಟುವ ತಂಡದಲ್ಲಿ ಮೂವರು ಖಾಯಂ ಇರುವುದಿಲ್ಲ. ಐದಾರು ಮಂದಿ ಸರದಿಯಂತೆ ಬರುತ್ತಾರೆ, ಹೋಗುತ್ತಾರೆ.

ಮೊದಲ ಕೆಲಸ ಹೆಸರು ಬರೆಯುವುದಲ್ಲ, ಹೊಡೆದುಹಾಕುವುದು. ಪ್ರಸಿದ್ಧ್ ಕೃಷ್ಣ ಅವರನ್ನು ಎಲ್ಲರೂ ಮೊದಲ ಸಾಲಿನಲ್ಲಿ ಬರೆಯುತ್ತಾರೆ. 2025ರ ಐಪಿಎಲ್‌ನಲ್ಲಿ 25 ವಿಕೆಟ್, ಅದೇ ವರ್ಷ ಓವಲ್ ಟೆಸ್ಟ್‌ನಲ್ಲಿ ಎಂಟು. ಅದಕ್ಕಾಗಿಯೇ ಅವರನ್ನು ಹೊಡೆದುಹಾಕಿ. ಭಾರತ ತಂಡದಲ್ಲಿರುವವರು ರಣಜಿಗೆ ಸಿಗುವುದು ಬಿಡುವಿದ್ದಾಗ ಮಾತ್ರ. ಸಿಕ್ಕರೆ ಲಾಭ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಭಾರತ 'ಎ' ತಂಡದ ವೇಳಾಪಟ್ಟಿ ನೋಡಿ. ವೈಶಾಖ್ ವಿಜಯ್‌ಕುಮಾರ್ ಅವರಂಥವರು ಸೀಸನ್ನಿನ ನಡುವೆ ಅಲ್ಲಿಗೆ ಎದ್ದು ಹೋಗಬಹುದು. ಬೇರೆ ರಾಜ್ಯಕ್ಕೆ ಹೋದವರ ಹೆಸರನ್ನು ನೆನಪಿನಿಂದ ಬರೆಯಬೇಡಿ. ಅಷ್ಟು ವರ್ಷ ನಿಖರವಾಗಿ ಚೆಂಡು ಹಾಕಿದ ವಾಸುಕಿ ಕೌಶಿಕ್ 2025–26ರಲ್ಲಿ ಗೋವಾ ಪರ ಆಡಿದರು. ಶಿವಮೊಗ್ಗದಲ್ಲಿ ಕರ್ನಾಟಕದ ವಿರುದ್ಧವೇ ಬೌಲಿಂಗ್ ಮಾಡಿದರು. ಆ ವಾರವೂ ಅವರನ್ನು ನಮ್ಮ ತಂಡದಲ್ಲಿ ಬರೆದುಕೊಂಡಿದ್ದ ಗೆಳೆಯರೊಬ್ಬರು ನನಗಿದ್ದಾರೆ.

ಎರಡನೆಯದು ಕ್ಯಾಲೆಂಡರ್. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಂದ್ಯ ಶುರು ಮಾಡುವ ಪಿಚ್ಚರ್‌ಗಳು ಐವರಿದ್ದು, ಒಬ್ಬೊಬ್ಬರು ಐದಾರು ದಿನಕ್ಕೊಮ್ಮೆ ಸರದಿಯಲ್ಲಿ ಬರುತ್ತಾರೆ. ಇವತ್ತು ಯಾರು ಎಂದು ದಿನ ಎಣಿಸಿ ಹೇಳುತ್ತಾರೆ. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ದೇಹ ಎಲ್ಲಿದ್ದರೂ ದೇಹವೇ. 2025ರಲ್ಲಿ ಕರ್ನಾಟಕ ಅಕ್ಟೋಬರ್ 25ರಿಂದ 28ರವರೆಗೆ ಶಿವಮೊಗ್ಗದಲ್ಲಿ, ನವೆಂಬರ್ 1ರಿಂದ ತಿರುವನಂತಪುರದಲ್ಲಿ, ನವೆಂಬರ್ 8ರಿಂದ ಪುಣೆಯಲ್ಲಿ ಆಡಿತು. ನಡುವೆ ಮೂರೇ ದಿನ. ಅದರಲ್ಲಿ ಒಂದು ದಿನ ಪ್ರಯಾಣಕ್ಕೆ ಹೋಯಿತು. ಒಂದು ಪಂದ್ಯದಲ್ಲಿ 40 ಓವರ್ ಹಾಕಿದ ವೇಗಿ ಮುಂದಿನದರಲ್ಲೂ ಅಷ್ಟೇ ಹಾಕುತ್ತಾನೆ ಎಂದುಕೊಳ್ಳುವವರು ಒಮ್ಮೆ ತಾವೇ ಗದ್ದೆಯಲ್ಲಿ ಹತ್ತು ಓವರ್ ಹಾಕಿ ನೋಡಬೇಕು. ಪಂದ್ಯದ ಪಕ್ಕ ಊರು, ತಾರೀಕು, ನಡುವಿನ ದಿನ ಬರೆದುಕೊಂಡರೆ ಯಾರಿಗೆ ವಿಶ್ರಾಂತಿ ಎಂಬುದು ಅರ್ಧ ಗೊತ್ತಾಗುತ್ತದೆ.

ಈಗ ನಾನು ಹತ್ತು ವರ್ಷದಿಂದ ಹೇಳಿ ಹೇಳಿ ಸೋತ ವಿಷಯ. ಸ್ಕೋರ್‌ಕಾರ್ಡ್ ತೆರೆದ ಕೂಡಲೇ ನಮ್ಮವರ ಕಣ್ಣು ಬೌಲಿಂಗ್ ಪಟ್ಟಿಯ ಬಲತುದಿಗೆ, ವಿಕೆಟ್ ಇರುವ ಕಡೆಗೆ ಓಡುತ್ತದೆ. ಮೊದಲು ನೋಡಬೇಕಾದ್ದು ಎಡತುದಿ. ಎಷ್ಟು ಓವರ್?

ಒಬ್ಬ 11 ಓವರ್‌ಗೆ ನಾಲ್ಕು ವಿಕೆಟ್, ಇನ್ನೊಬ್ಬ 25 ಓವರ್‌ಗೆ ಒಂದು ವಿಕೆಟ್ ಎಂದಿಟ್ಟುಕೊಳ್ಳಿ. ಚಾ ಅಂಗಡಿಯ ಪ್ರಕಾರ ಮುಂದಿನ ಪಂದ್ಯಕ್ಕೆ ಮೊದಲನೆಯವನು ಖಾತ್ರಿ, ಎರಡನೆಯವನು ಮನೆಗೆ. ಆಗುವುದು ಹೆಚ್ಚಾಗಿ ಉಲ್ಟಾ. ಬಿಸಿಲಿನಲ್ಲಿ, ಹಳೆ ಚೆಂಡಿನಲ್ಲಿ, ಜತೆಯಾಟ ಬೆಳೆಯುತ್ತಿದ್ದಾಗ ನಾಯಕ 25 ಓವರ್ ಕೊಟ್ಟಿದ್ದಾನೆ ಎಂದರೆ ಅವನ ನಂಬಿಕೆ ಅಲ್ಲಿದೆ. ಆ ನಾಲ್ಕು ವಿಕೆಟ್‌ಗಳಲ್ಲಿ ಎರಡು ಹತ್ತನೇ, ಹನ್ನೊಂದನೇ ಕ್ರಮಾಂಕದವರದ್ದಾಗಿದ್ದರೆ ಕೇಳುವುದೇ ಬೇಡ. ನಾನೂ ಒಂದು ಕಾಲದಲ್ಲಿ ವಿಕೆಟ್ ಎಣಿಸಿಯೇ ಪಟ್ಟಿ ಮಾಡುತ್ತಿದ್ದೆ. ಒಂದು ಸೀಸನ್ ಪೂರ್ತಿ ತಪ್ಪಿದ ಮೇಲೆ ಬಿಟ್ಟೆ.

ಓವರ್ ಲೆಕ್ಕ ಆದಮೇಲೆ ಎಸೆತ-ಎಸೆತದ ವಿವರಕ್ಕೆ ಇಳಿಯಿರಿ. ಬಿಸಿಸಿಐ ಜಾಲತಾಣದಲ್ಲಿ ದೇಶಿ ಪಂದ್ಯಗಳದ್ದು ಸಿಗುತ್ತದೆ. 80 ಓವರ್ ಕಳೆದು ಎರಡನೇ ಹೊಸ ಚೆಂಡು ಬಂದಾಗ ಅದು ಯಾರ ಕೈಗೆ ಹೋಯಿತು? ಬೆಳಿಗ್ಗೆ ಮೊದಲ ಓವರ್ ಹಾಕಿದವನೇ ಮುಖ್ಯ ಬೌಲರ್ ಎಂದು ತಿಳಿಯಬೇಡಿ. ಯಕ್ಷಗಾನದ ಆಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ರಾತ್ರಿಯ ಮೊದಲ ಪ್ರಸಂಗಕ್ಕೆ ಪದ್ಯ ಹೇಳಿದವರು ಒಬ್ಬರು, ನಡುರಾತ್ರಿ ಕಳೆದ ಮೇಲೆ ಜಾಗಟೆ ಹಿಡಿದು ಕೂರುವ ಭಾಗವತರು ಇನ್ನೊಬ್ಬರು. ಎರಡನೇ ಹೊಸ ಚೆಂಡು ಆ ನಡುರಾತ್ರಿಯ ಜಾಗಟೆ. ಮೂರು ಪಂದ್ಯಗಳಲ್ಲಿ ಅದನ್ನು ಹಿಡಿದ ಇಬ್ಬರ ಹೆಸರು ಬರೆದುಕೊಳ್ಳಿ. ಅವರು ಗಾಯವಿಲ್ಲದಿದ್ದರೆ ನಾಲ್ಕನೆಯದಕ್ಕೂ ಆಡುತ್ತಾರೆ.

2025ರ ಜನವರಿ 23 ನೆನಪಿದೆಯೇ? ಚಿನ್ನಸ್ವಾಮಿಯಲ್ಲಿ ಪಂಜಾಬ್ 55ಕ್ಕೆ ಆಲೌಟ್ ಆದ ದಿನ. ಪ್ರಸಿದ್ಧ್ ಆಡಿದ್ದರು, ಎರಡು ವಿಕೆಟ್ ಪಡೆದರು. ಕೆಲಸ ಮುಗಿಸಿದ್ದು ಮಾತ್ರ ಕೌಶಿಕ್ (16ಕ್ಕೆ 4) ಮತ್ತು ಅಭಿಲಾಷ್ (19ಕ್ಕೆ 3). ಅದಕ್ಕೆ ಸ್ವಲ್ಪ ಮೊದಲು ವಿಜಯ್ ಹಜಾರೆ ಸೆಮಿಫೈನಲ್‌ನಲ್ಲಿ ಹರಿಯಾಣ ವಿರುದ್ಧ ನಾಲ್ಕು, ಫೈನಲ್‌ನಲ್ಲಿ ವಿದರ್ಭ ವಿರುದ್ಧ ಮೂರು ವಿಕೆಟ್ ಪಡೆದು ಅಭಿಲಾಷ್ ಕಪ್ ಗೆದ್ದ ತಂಡದಲ್ಲಿದ್ದರು. ಹೀಗಿದ್ದೂ ಎಲ್ಲ ಪಂದ್ಯಕ್ಕೂ ಅವರ ಹೆಸರನ್ನು ಪೆನ್ನಿನಲ್ಲಿ ಬರೆಯಬೇಡಿ ಎನ್ನುತ್ತೇನೆ. ಊರಿನ ಪ್ರೀತಿ ಬೇರೆ, ಊಹೆ ಬೇರೆ.

ಇಲ್ಲಿ ನಮ್ಮ ಕರಾವಳಿಯದ್ದೇ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿ ನೋಡಿ ಬೆಳೆದವರು ನಾವು. ಊರಿನ ಗಾಂಧಿ ಮೈದಾನದ ಬೇಲಿಗೆ ಒರಗಿ ಯಾರ್ಕರ್‌ಗೆ ಶಿಳ್ಳೆ ಹೊಡೆದವರಿಗೆ ವೇಗ ಒಂದೇ ಕಾಣುತ್ತದೆ. ಟೆನಿಸ್ ಚೆಂಡಿಗೆ ಎದ್ದು ನಿಂತ ಹೊಲಿಗೆ ಇಲ್ಲ. ರಣಜಿಯ ಎಸ್‌ಜಿ ಚೆಂಡಿಗೆ ಇದೆ, ಬೌಲರ್ ಬದುಕುವುದೇ ಅದರ ಮೇಲೆ. ಐಪಿಎಲ್‌ನ 24 ಎಸೆತ ನೋಡಿ ರಣಜಿಯ ಸರದಿ ಹೇಳುವುದೂ ಇದೇ ಜಾತಿಯ ತಪ್ಪು. ಕೊಡಗಿನ ವಿದ್ವತ್ ಕಾವೇರಪ್ಪ 2023ರ ದುಲೀಪ್ ಟ್ರೋಫಿ ಫೈನಲ್‌ನಲ್ಲಿ 53ಕ್ಕೆ 7 ವಿಕೆಟ್ ಪಡೆದರು. ಐಪಿಎಲ್ ಮಾತ್ರ ನೋಡುವವರ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯದು, ನೀವೇ ಹೇಳಿ.

ಇನ್ನು ಪಿಚ್. ರಾಜ್‌ಕೋಟ್ ಅಂದರೆ ಒಬ್ಬ ವೇಗಿಯನ್ನು ಕಡಿಮೆ ಬರೆಯಿರಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಸೌರಾಷ್ಟ್ರದ ಮೊದಲ ಇನಿಂಗ್ಸ್‌ನಲ್ಲಿ ಸ್ಪಿನ್ನರ್ ಶ್ರೇಯಸ್ ಗೋಪಾಲ್ ಒಬ್ಬರೇ ಎಂಟು ವಿಕೆಟ್ ತೆಗೆದರು. ಕರ್ನಾಟಕ 372, ಸೌರಾಷ್ಟ್ರ 376. ನಾಲ್ಕು ರನ್ನಿಗೆ ಮುನ್ನಡೆ ಹೋಯಿತು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆಗೆ ಮೂರು ಅಂಕ, ಹಿಂದೆ ಬಿದ್ದವರಿಗೆ ಒಂದು. ಆದ್ದರಿಂದ ಕೊನೆಯ ವೇಗಿಯ ಜಾಗಕ್ಕೆ ಇಬ್ಬರು ಸಮ ಇದ್ದರೆ ಬ್ಯಾಟ್ ಹಿಡಿಯಬಲ್ಲವನನ್ನು ಬರೆಯಿರಿ. 2015ರ ರಣಜಿ ಫೈನಲ್‌ನಲ್ಲಿ ವಿನಯ್ ಐದು ವಿಕೆಟ್ ಪಡೆದು ಶತಕವನ್ನೂ ಹೊಡೆದಿದ್ದರು.

ಜಾಗ ಮುಗಿಯಿತು, ಇನ್ನುಳಿದದ್ದು ಚುಟುಕಾಗಿ. ಎಡಗೈ ವೇಗಿ ಒಬ್ಬನೇ ಇದ್ದರೆ ಸಮ ಪೈಪೋಟಿಯಲ್ಲಿ ಅರ್ಧ ಅಂಕ ಹೆಚ್ಚು ಕೊಡಿ. ಗಾಯದ ಸುದ್ದಿಯನ್ನು ವಾಟ್ಸ್‌ಆ್ಯಪ್‌ನಿಂದ ತೆಗೆದುಕೊಳ್ಳಬೇಡಿ. ಒಂದೇ ಪಂದ್ಯಕ್ಕಲ್ಲ, ಮೂರು ಪಂದ್ಯಕ್ಕೆ ಒಟ್ಟಿಗೆ ಬರೆಯಿರಿ. ಸರದಿ ಕಾಣುವುದು ಆಗ. ದುಡ್ಡು ಕಟ್ಟಬೇಡಿ: ಹಣ ಹೂಡಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ 2025ರ ಆಗಸ್ಟ್‌ನಲ್ಲೇ ಸಂಸತ್ತು ಕಾನೂನು ಮಾಡಿದೆ. ಪಂದ್ಯದ ದಿನ ಆಡುವ ಹನ್ನೊಂದು ಮಂದಿಯ ಹೆಸರು ಹೊರಬೀಳುವುದು ಟಾಸ್ ವೇಳೆಗೆ, ಸಾಮಾನ್ಯವಾಗಿ ಬೆಳಿಗ್ಗೆ 9 ಗಂಟೆಗೆ. ನಿಮ್ಮ ಕಾಗದ ಅಷ್ಟರೊಳಗೆ ತಯಾರಿರಲಿ.