ಕರಿಹಲಗೆಯ ಪಕ್ಕದಲ್ಲೊಂದು ಪರದೆ

ಹತ್ತನೇ ತರಗತಿಯ ವಿದ್ಯುತ್ ಪಾಠ. ಹಲಗೆಯ ಮೇಲೆ ಮಂಡಲ ಬರೆದು, ಬಾಣ ಎಳೆದು, 'ಪ್ರವಾಹ ಹೀಗೆ ಹರಿಯುತ್ತದೆ' ಎಂದರೆ ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಚಿತ್ರದಲ್ಲಿ ಏನೂ ಹರಿಯುವುದಿಲ್ಲ. ಸೀಮೆಸುಣ್ಣ ಸೋಲುವ ಇಂಥ ಜಾಗದಲ್ಲೇ ತಂತ್ರಜ್ಞಾನ ನಮ್ಮ ನೆರವಿಗೆ ಬರಬೇಕು. ಅದಕ್ಕೆ ಸ್ಮಾರ್ಟ್ ಕ್ಲಾಸ್ ಬೇಕೆಂದೇನಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್ ಅಥವಾ ಮೊಬೈಲ್, ಜೊತೆಗೆ ಒಂದಿಷ್ಟು ಪೂರ್ವತಯಾರಿ ಇದ್ದರೆ ಸಾಕು.

1. ಪಾಠದ ಗಂಟು ಎಲ್ಲಿದೆ, ನೋಡಿ

ಇಡೀ ಪಾಠವನ್ನು ಪರದೆಗೆ ಒಪ್ಪಿಸಬೇಡಿ. ಮಕ್ಕಳು ಪ್ರತಿವರ್ಷ ಎಡವುವ ಒಂದು ಜಾಗವನ್ನಷ್ಟೇ ಆರಿಸಿ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಕೈಗೆ ಸಿಗದಷ್ಟು ದೂರದ್ದು, ಚಲಿಸುವಂಥದ್ದು, ಮಾಡಿ ತೋರಿಸಲು ಅಪಾಯವಿರುವಂಥದ್ದು, ಇವಕ್ಕೆ ಪರದೆ ಬೇಕು. ದಾಸವಾಳದ ಭಾಗಗಳನ್ನು ಕಲಿಸಲು ವಿಡಿಯೊ ಬೇಡ, ಹೂವನ್ನೇ ತನ್ನಿ.

2. ತಕ್ಕ ಸಾಮಗ್ರಿ ಆರಿಸಿ

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದಲೇ ಶುರುಮಾಡಿ. 2017ರಲ್ಲಿ ಆರಂಭವಾದ ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ವಿಜ್ಞಾನಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಇದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಈ ತಾಣದ ಸಿಮ್ಯುಲೇಶನ್‌ಗಳು ಉಚಿತ, ಹಲವು ಕನ್ನಡದಲ್ಲೂ ಇವೆ. ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೆ: ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಕದಲುವುದಿಲ್ಲ. ಓದಿನ ರುಚಿ ಹತ್ತಿಸಲು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಸಚಿತ್ರ ಕನ್ನಡ ಕಥೆಗಳಿವೆ.

3. ಮನೆಯಲ್ಲೇ ಇಳಿಸಿಕೊಳ್ಳಿ

ತರಗತಿಯ ಹೊತ್ತಿಗೆ ನೆಟ್‌ವರ್ಕ್ ಸಿಗುತ್ತದೆಂದು ನಂಬಿ ಕೂರಬೇಡಿ. ಫೆಟ್‌ನ ಸಿಮ್ಯುಲೇಶನ್‌ಗಳನ್ನು ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ನಡೆಯುತ್ತವೆ. ದೀಕ್ಷಾದ ವಿಡಿಯೊಗಳನ್ನೂ ಹಾಗೆ ಉಳಿಸಿಕೊಳ್ಳಬಹುದು. ಹಿಂದಿನ ರಾತ್ರಿ ನೆಟ್ ಆಫ್ ಮಾಡಿ ಒಮ್ಮೆ ಪೂರ್ತಿ ನಡೆಸಿ ನೋಡಿ. ವಿದ್ಯುತ್ ಪಾಠದ ಸಿಮ್ಯುಲೇಶನ್‌ನಲ್ಲಿ ಹರಿಯುವ ನೀಲಿ ಚುಕ್ಕಿಗಳು ಎಲೆಕ್ಟ್ರಾನುಗಳು. ಪುಸ್ತಕದ ಬಾಣ ಅವಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

4. ಕೊನೆಯ ಬೆಂಚಿನಲ್ಲಿ ಕೂತು ನೋಡಿ

ಪ್ರೊಜೆಕ್ಟರ್ ಇದ್ದರೆ ಕೊನೆಯ ಬೆಂಚಿಗೆ ಅಕ್ಷರ ಕಾಣುತ್ತದೆಯೇ, ಮಾತು ಕೇಳುತ್ತದೆಯೇ ಎಂದು ಅಲ್ಲೇ ಕೂತು ಪರೀಕ್ಷಿಸಿ. ಇಲ್ಲದಿದ್ದರೆ ಐದಾರು ಮಕ್ಕಳ ಗುಂಪು ಮಾಡಿ. ಒಂದು ಗುಂಪು ಲ್ಯಾಪ್‌ಟಾಪ್ ಮುಂದೆ ಇರುವಾಗ ಉಳಿದವರು ಅದೇ ವಿಷಯದ ಲೆಕ್ಕ ಬಿಡಿಸಲಿ. ಮೌಸ್ ಮಕ್ಕಳ ಕೈಯಲ್ಲಿರಲಿ, ಪ್ರತಿ ಸಲವೂ ಒಬ್ಬರೇ ಹಿಡಿಯದಂತೆ ನೋಡಿಕೊಳ್ಳಿ.

5. ತೋರಿಸುವ ಮೊದಲು ಕೇಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಪರದೆಯ ಮೇಲೆ ಒಂದು ಸೆಲ್, ಉರಿಯುವ ಒಂದು ಬಲ್ಬ್ ಇದೆ. 'ಸರಣಿಯಲ್ಲಿ ಇನ್ನೊಂದು ಬಲ್ಬ್ ಸೇರಿಸಿದರೆ ಬೆಳಕು ಏನಾಗುತ್ತದೆ?' ಎಂದು ಕೇಳಿ ಕೈ ತೆಗೆಯಿರಿ. ಹೆಚ್ಚುತ್ತದೆ, ಕಡಿಮೆಯಾಗುತ್ತದೆ, ಹಾಗೇ ಇರುತ್ತದೆ — ಮೂರರಲ್ಲಿ ಒಂದನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಜೋಡಿಸಿ. ಎರಡೂ ಬಲ್ಬ್ ಮಂಕಾಗುತ್ತವೆ. ಒಂದನ್ನು ಕಿತ್ತರೆ ಇನ್ನೊಂದೂ ಆರುತ್ತದೆ. ಸಮಾಂತರವಾಗಿ ಜೋಡಿಸಿದರೆ ಬೆಳಕು ಕುಂದುವುದಿಲ್ಲ, ಒಂದನ್ನು ಕಿತ್ತರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ಮೊದಲೇ ಉತ್ತರ ಬರೆದಿಟ್ಟ ಮಗುವಿಗೆ ಈಗ ಪರದೆ ಬರೀ ಚಿತ್ರವಲ್ಲ, ತನ್ನ ಊಹೆಯ ತೀರ್ಪು. ಊಹೆ ತಪ್ಪಿದವರನ್ನು ಗದರಬೇಡಿ, ಏಕೆ ಹಾಗೆ ಯೋಚಿಸಿದಿರಿ ಎಂದು ಕೇಳಿ.

6. ಪರದೆ ಆರಿಸಿ, ಕೈಗೆ ಕೊಡಿ

ಹತ್ತು ನಿಮಿಷ ಸಾಕು. ನಂತರ ಟಾರ್ಚ್ ಬಲ್ಬ್, ಸೆಲ್, ವೈರ್ ಕೊಟ್ಟು ಅದನ್ನೇ ಮಾಡಿಸಿ. ನಿಜವಾದ ಸೆಲ್ಲಿನಲ್ಲಿ ಸಮಾಂತರ ಜೋಡಣೆಯಲ್ಲೂ ಬೆಳಕು ತುಸು ಇಳಿಯಬಹುದು. ಸೆಲ್ಲಿನೊಳಗೂ ರೋಧವಿದೆ ಎಂಬ ಪಾಠ ಅಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಮನೆಯ ಪ್ಲಗ್ಗಿನಲ್ಲಿ ಇದನ್ನು ಎಂದೂ ಮಾಡಬಾರದೆಂದು ಒತ್ತಿ ಹೇಳಿ.

7. ಯಾರೂ ಹೊರಗುಳಿಯದಿರಲಿ

ಮನೆಯಲ್ಲಿ ಮೊಬೈಲ್ ಇಲ್ಲದ ಮಗುವಿರುವ ತರಗತಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಹೋಂವರ್ಕ್ ಕಳಿಸಬೇಡಿ. ದೃಷ್ಟಿ ಮಂದವಿರುವವರಿಗೆ ಪರದೆಯಲ್ಲಿ ನಡೆಯುವುದನ್ನು ಮಾತಿನಲ್ಲಿ ವಿವರಿಸಿ. ಮಕ್ಕಳ ಫೋಟೊ, ವಿಡಿಯೊಗಳನ್ನು ಹಂಚಿಕೊಳ್ಳಬೇಡಿ.

ಮರುದಿನ ಪರದೆ ತೆರೆಯದೆ ಒಂದೇ ಪ್ರಶ್ನೆ ಕೇಳಿ: 'ಅಡುಗೆಮನೆಯ ದೀಪ ಆರಿಸಿದರೆ ಪಡಸಾಲೆಯ ದೀಪ ಏಕೆ ಆರುವುದಿಲ್ಲ?' ಒಂದು ಮಗು ಎದ್ದು ಬಂದು, ಸೀಮೆಸುಣ್ಣ ಹಿಡಿದು, ಹಲಗೆಯ ಮೇಲೆ ಸಮಾಂತರ ಜೋಡಣೆ ಬರೆದು ತೋರಿಸಿದರೆ ಆ ಹತ್ತು ನಿಮಿಷ ಸಾರ್ಥಕ.